ಅಪ್‌ಡೇಟ್: ಬಿಸಿಯಾದರೆ ನಿಲ್ಲುತ್ತಿದ್ದ ಯೆಜ್ಡಿ ಸರಿಹೋಯ್ತು

ಮೈಸೂರಿನಲ್ಲಿ ತಯಾರಾದ ನನ್ನ ಹಳೆಯ 250 ಸಿಸಿ ಯೆಜ್ಡಿ ಬೈಕ್ ಬಗ್ಗೆ ಇಲ್ಲಿ ಕೇಳಿದ್ದೆ. ತಣ್ಣಗಿದ್ದಾಗ ಒಂದೇ ಕಿಕ್‌ಗೆ ಸ್ಟಾರ್ಟ್, ಬಿಸಿಯಾದರೆ ಆಫ್, ಆರಿದ ಮೇಲೆ ಮತ್ತೆ ಸ್ಟಾರ್ಟ್. ಜಾಸ್ತಿ ಜನ ಕಾಯಿಲ್ (ಸ್ಪಾರ್ಕ್ ಪ್ಲಗ್‌ಗೆ ಹೈ ವೋಲ್ಟೇಜ್ ಕೊಡುವ ಸುರುಳಿ) ಹೋಗಿದೆ ಅಂದಿದ್ದಿರಿ. ಕಾಯಿಲ್ ಚೆನ್ನಾಗಿದೆ. ಹೋಗಿದ್ದು ಕಂಡೆನ್ಸರ್, ಬಿಸಿಯಾದಾಗ ಅದು ಕೈಕೊಡುತ್ತಿತ್ತು.

ಗಾಡಿ ಬಿಸಿಯಾಗಿ ನಿಂತ ತಕ್ಷಣ, ಕತ್ತಲಲ್ಲಿ ಬಲಗಡೆಯ ಕವರ್ ಬಿಚ್ಚಿ ತಮ್ಮನಿಗೆ ಕಿಕ್ ಹೊಡೆಯಲು ಹೇಳಿದೆ. ಪಾಯಿಂಟ್ (ಕಾಯಿಲ್‌ನ ಕರೆಂಟ್ ಕಡಿಯುವ ಪುಟ್ಟ ಸ್ವಿಚ್) ತೆರೆದಾಗಲೆಲ್ಲ ಅಲ್ಲೇ ದಪ್ಪ ಕಿಡಿ. ಪ್ಲಗ್‌ನಲ್ಲಿ ಮಾತ್ರ ಸಣ್ಣ, ಕೆಂಪು ಕಿಡಿ. ಕಂಡೆನ್ಸರ್ ಸರಿ ಇದ್ದರೆ ಆ ಕರೆಂಟನ್ನು ಅದೇ ಹೀರಿಕೊಳ್ಳುತ್ತದೆ. ಆಗ ಕಾಯಿಲ್‌ಗೆ ಹೋಗುವ ಕರೆಂಟ್ ಥಟ್ಟನೆ ಕಡಿದು, ಪ್ಲಗ್‌ಗೆ ಜೋರು ಕಿಡಿ ಬರುತ್ತದೆ. ಪಾಯಿಂಟಿನ ಮುಖವೂ ಸುಟ್ಟು ಒಂದು ಕಡೆ ಗುಳಿ, ಇನ್ನೊಂದು ಕಡೆ ಉಬ್ಬು.

ಹೊಸ ಕಂಡೆನ್ಸರನ್ನು ಕವರ್ ಒಳಗೆ ಹಾಕಲಿಲ್ಲ. ಕಾಯಿಲ್ ಪಕ್ಕ, ಇಂಜಿನ್ ಶಾಖ ತಾಗದ ಕಡೆ ಕೂರಿಸಿ, ಬಣ್ಣ ಕೆರೆದು ಅರ್ತ್ ಗಟ್ಟಿ ಮಾಡಿದೆ. ಪಾಯಿಂಟ್ ಬದಲಿಸಿ ಗ್ಯಾಪ್ 0.4 ಮಿ.ಮೀ. ಇಟ್ಟೆ.

ನಿನ್ನೆ ಸುಡುಬಿಸಿಲಲ್ಲೇ ಚಾಮುಂಡಿ ಬೆಟ್ಟ ಹತ್ತಿಸಿದೆ. ಮೇಲೆ ಆಫ್ ಮಾಡಿ ಕೂಡಲೇ ಕಿಕ್ ಹೊಡೆದರೂ ಸ್ಟಾರ್ಟ್ ಆಯ್ತು. ಎಷ್ಟು ಖುಷಿಯಾಯ್ತು ಗೊತ್ತಾ! ಹೆಡ್‌ಲೈಟ್ ಮಾತ್ರ ಇನ್ನೂ ಮಂಕು. ಕರೆಂಟ್ ತಯಾರಿಸುವ 6 ವೋಲ್ಟ್ ಡೈನಮೋದ ಬ್ರಷ್‌ಗಳನ್ನು (ಕಾರ್ಬನ್ ತುಂಡುಗಳನ್ನು) ಮುಂದಿನ ವಾರ ಬಿಚ್ಚಿ ನೋಡುತ್ತೇನೆ. "ಮೊದಲು ಪಾಯಿಂಟ್ ಕಡೆ ನೋಡಪ್ಪಾ" ಎಂದ ಹಿರಿಯರಿಗೆ ತುಂಬಾ ಥ್ಯಾಂಕ್ಸ್.