ಮಳೆ ನಕ್ಷತ್ರ ನೋಡಿ ಬಿತ್ತುವುದು ಈಗಲೂ ಸರಿಯೇ?

ತುರುವೇಕೆರೆಯ ರಾಗಿ ಬೆಳೆಗಾರ:
ಪಂಚಾಂಗದ ಮಳೆ ನಕ್ಷತ್ರಗಳನ್ನು ನಂಬಿ ಬಿತ್ತುವ ಕಾಲ ಮುಗಿಯಿತೆಂದು ನನಗೆ ಅನ್ನಿಸಿದೆ. 2023ರಲ್ಲಿ ಪುನರ್ವಸು ಮಳೆಗೆ ಕೂರಿಗೆ ಹೂಡಿದೆವು. ಆ ಆಗಸ್ಟ್ ದೇಶದಲ್ಲಿ 1901ರಿಂದ ಈಚೆಗಿನ ಅತ್ಯಂತ ಒಣ ಆಗಸ್ಟ್ ಆಯಿತು. ಆಶ್ಲೇಷಾ, ಮಘಾ ಎರಡೂ ಕೈಕೊಟ್ಟು ರಾಗಿ ಪೈರಿನಲ್ಲೇ ಸೊರಗಿತು, ರಾಗಿಯ ನಡುವಿನ ಅಕ್ಕಡಿ ಸಾಲಿನ ಅವರೆ ಮಾತ್ರ ಉಳಿಯಿತು. 2025ರಲ್ಲಾದರೆ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ಹೀಗಿರುವಾಗ ಹವಾಮಾನ ಇಲಾಖೆಯ ಮುನ್ಸೂಚನೆಯೊಂದೇ ಸಾಲದೇ?

ವಿಜಯಪುರ ಜಿಲ್ಲೆಯ ಇಂಡಿಯ ಜೋಳದ ರೈತ:
ಅಣ್ಣನವರೇ, ನಿಮ್ಮ ನಷ್ಟಕ್ಕೆ ನನಗೂ ಸಂಕಟವಾಗುತ್ತದೆ, ಆದರೆ ತಪ್ಪನ್ನು ನಕ್ಷತ್ರದ ತಲೆಗೆ ಕಟ್ಟಬೇಡಿ. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13–14 ದಿನ ಇರುತ್ತಾನೆ. ಆ ಅವಧಿಗೆ ನಮ್ಮ ಹಿರಿಯರು ಇಟ್ಟ ಹೆಸರೇ ಮಳೆ ನಕ್ಷತ್ರ. ಅದು ಮಳೆ ಬರುತ್ತದೆಂಬ ಭರವಸೆಯಲ್ಲ. ನಮ್ಮ ಎರೆ (ಕಪ್ಪು ಮಣ್ಣಿನ) ಭೂಮಿಯಲ್ಲಿ ಹಿಂಗಾರಿ ಬಿಳಿಜೋಳ ಬೆಳೆಯುವುದು ಬಿತ್ತಿದ ಮೇಲೆ ಬೀಳುವ ಮಳೆಗಿಂತ ಹೆಚ್ಚಾಗಿ, ಮೊದಲೇ ನೆಲ ಕುಡಿದಿಟ್ಟುಕೊಂಡ ನೀರಿನಿಂದ. ಆದ್ದರಿಂದ ಉತ್ತರಾ, ಹಸ್ತಾ ಎಂದರೆ ನಮಗೆ ಬಿತ್ತನೆಯ ಗಡುವು; ಅದು ದಾಟಿದರೆ ಮೇಲ್ಮಣ್ಣಿನ ಹಸಿ ಆರುತ್ತದೆ, ಬೀಜ ಮೊಳೆಯುವುದಿಲ್ಲ.

ಸಾಗರದ ಅಡಿಕೆ ತೋಟದವಳು:
ಬಯಲುಸೀಮೆಯವರು ಮಳೆಗಾಗಿ ಕಾಯುತ್ತೀರಿ, ನಾವು ಮಳೆ ನಿಲ್ಲುವುದಕ್ಕಾಗಿ ಕಾಯುತ್ತೇವೆ. ಅಡಿಕೆಯ ಕೊಳೆರೋಗಕ್ಕೆ ಮೊದಲ ಬೋರ್ಡೋ ದ್ರಾವಣದ ಸಿಂಪಡಣೆ ಮಳೆ ಹಿಡಿಯುವ ಮೊದಲೇ ಆಗಬೇಕು, ಎರಡನೆಯದು ಸುಮಾರು 40–45 ದಿನಕ್ಕೆ. ಈ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕಲಸಿದ ದಿನವೇ ಮುಗಿಸಬೇಕು. ಕಳೆದ ಮಳೆಗಾಲವೊಂದರಲ್ಲಿ ಬೆಳಿಗ್ಗೆ ಮಳೆ ನಿಂತು ಹೊಳವಾಯಿತೆಂದು ದ್ರಾವಣ ಕಲಸಿ, ಕೊನೆಗೌಡರು ನಾಲ್ಕು ಮರ ಹತ್ತಿ ಇಳಿಯುವಷ್ಟರಲ್ಲಿ ಮಳೆ ಹುಯ್ದು, ಎರಡು ಪೀಪಾಯಿ ದ್ರಾವಣವನ್ನು ಚೆಲ್ಲಬೇಕಾಯಿತು. ಪುಷ್ಯ ಮಳೆಯಲ್ಲಿ ಹೊಳವು ಯಾವ ದಿನ ಸಿಗುತ್ತದೆಂದು ಯಾವ ಪಂಚಾಂಗವೂ ಹೇಳುವುದಿಲ್ಲ. ಮೂರು ದಿನದ ಮುನ್ಸೂಚನೆ ಎಷ್ಟೋ ಸಲ ಹೇಳಿದೆ. ನನ್ನ ಮತ ತುರುವೇಕೆರೆಯವರ ಕಡೆಗೆ.

ಕೃಷಿ ಪದವೀಧರ, ಬೆಂಗಳೂರು:
ಒಂದು ಲೆಕ್ಕವನ್ನೂ ಗಮನಿಸಬೇಕು. ಸೂರ್ಯ ಮತ್ತೆ ಅದೇ ನಕ್ಷತ್ರಕ್ಕೆ ಬರುವ ನಕ್ಷತ್ರ ವರ್ಷವು ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದವಾಗಿರುವುದರಿಂದ, 72 ವರ್ಷಕ್ಕೆ ಒಂದು ದಿನದಂತೆ ಮಳೆ ನಕ್ಷತ್ರಗಳು ಋತುವಿನಲ್ಲಿ ಮುಂದಕ್ಕೆ ಸರಿಯುತ್ತವೆ. ಸಾವಿರ ವರ್ಷದ ಹಿಂದಿನ ಮೃಗಶಿರಾ ಇಂದಿನದಕ್ಕಿಂತ ಸುಮಾರು ಎರಡು ವಾರ ಮೊದಲೇ ಹುಟ್ಟುತ್ತಿತ್ತು.

ಇಂಡಿಯ ಜೋಳದ ರೈತ:
ಲೆಕ್ಕ ಒಪ್ಪಿದೆ ಸರ್. ಆದರೆ ನಮ್ಮಜ್ಜನಿಂದ ನನ್ನವರೆಗೆ ಸರಿದದ್ದು ಒಂದು ದಿನ. ಮುಂಗಾರು ಒಂದೇ ವರ್ಷದಲ್ಲಿ ಅದಕ್ಕಿಂತ ಹೆಚ್ಚು ಹಿಂದೆಮುಂದೆ ಆಗುತ್ತದೆ. ಸಾಗರದ ಅಕ್ಕನವರ ಮಾತು ತೋಟಕ್ಕೆ ಸರಿ, ಅಲ್ಲಿ ಬೇಕಾದದ್ದು ನಾಳೆಯ ಸುದ್ದಿ. ನನಗೆ ಬೇಕಾದದ್ದು ನೆಲದೊಳಗಿನ ಹದ, ಅದನ್ನು ಮುನ್ಸೂಚನೆಯೂ ಹೇಳುವುದಿಲ್ಲ.

ತುರುವೇಕೆರೆಯ ರಾಗಿ ಬೆಳೆಗಾರ:
ಗಡುವು ಎಂಬ ಮಾತು ನನಗೆ ಹಿಡಿಸಿತು, ‘ಪಂಚಾಂಗದ ಕಾಲ ಮುಗಿಯಿತು’ ಎಂದದ್ದನ್ನು ಅಷ್ಟರ ಮಟ್ಟಿಗೆ ಹಿಂದಕ್ಕೆ ಪಡೆಯುತ್ತೇನೆ. ಆಶ್ಲೇಷಾ ಹುಟ್ಟುವವರೆಗೂ ಬಿತ್ತನೆಯಾಗದಿದ್ದರೆ ದೀರ್ಘಾವಧಿಯ ತಳಿ ಬಿಟ್ಟು ಜಿಪಿಯು-48ರಂಥ ಅಲ್ಪಾವಧಿಯ ರಾಗಿಗೆ ಹೋಗಬೇಕೆಂದು ಈಗ ಹೊಳೆಯುತ್ತಿದೆ. ನಮ್ಮ ಪಂಚಾಯಿತಿಯ ಮಳೆಮಾಪಕದ ಅಂಕಿಯನ್ನು ವರುಣಮಿತ್ರ ಸಹಾಯವಾಣಿಯಲ್ಲಿ ಕೇಳಿ, ಪಂಚಾಂಗದ ಅಂಚಿನಲ್ಲಿ ಆಯಾ ನಕ್ಷತ್ರದ ಎದುರಿಗೆ ಬರೆದಿಡುತ್ತೇನೆ. ಹದ ನೋಡುವುದು ಹೇಗೆಂದು ಹೇಳಿಕೊಡಿ. ನಮ್ಮದು ಕೆಂಪು ಮಣ್ಣು.

ಇಂಡಿಯ ಜೋಳದ ರೈತ:
ಗೇಣುದ್ದ ಅಗೆದು, ಕೆಳಗಿನ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ ಉಂಡೆ ಮಾಡಿ, ಸೊಂಟದೆತ್ತರದಿಂದ ಬಿಡಿ. ಉಂಡೆಯೇ ಕಟ್ಟದಿದ್ದರೆ ಹಸಿ ಸಾಲದು, ಬಿದ್ದರೂ ಒಡೆಯದಿದ್ದರೆ ಹಸಿ ಹೆಚ್ಚಾಯಿತು, ಬಿದ್ದು ಚದುರಿದರೆ ಕೂರಿಗೆ ಹೂಡಬಹುದು. ಕೆಂಪು ಮಣ್ಣು ಬೇಗ ಆರುತ್ತದೆ, ಆದ್ದರಿಂದ ಬೆಳಿಗ್ಗೆ ನೋಡಿದ ಹದಕ್ಕೆ ಅಂದೇ ಬಿತ್ತಿ.