ಜೊಟೆರೊ ಕಲೆಕ್ಷನ್‌ಗಳು ಅಬ್ಸಿಡಿಯನ್‌ನಲ್ಲಿ ಫೋಲ್ಡರ್ ಆಗಿ ಸಿಂಕ್ ಆಗೋ ಹಾಗೆ ಮಾಡ್ಬೋದಾ?

ಓದುಪಟ್ಟಿ:
ಎಲ್ರಿಗೂ ನಮಸ್ಕಾರ. ನನ್ನ ಪೇಪರ್, ಪಿಡಿಎಫ್ ಎಲ್ಲಾ ಇರೋದು ಜೊಟೆರೊದಲ್ಲಿ, ನೋಟ್ಸ್ ಬರ್ಯೋದು ಅಬ್ಸಿಡಿಯನ್‌ನಲ್ಲಿ. ಜೊಟೆರೊದಲ್ಲಿ ವಿಷಯಕ್ಕೊಂದು ಕಲೆಕ್ಷನ್, ಅದ್ರೊಳಗೆ ಸಬ್‌ಕಲೆಕ್ಷನ್ ಅಂತ ಮಾಡ್ಕೊಂಡಿದೀನಿ, ಈಗ ಅದೇ ಥರ ಅಬ್ಸಿಡಿಯನ್‌ನ ಎಡಗಡೆ ಫೋಲ್ಡರ್ ಲಿಸ್ಟ್‌ನಲ್ಲೂ ಬೇಕು, ಅಲ್ಲಿ ಕಲೆಕ್ಷನ್ ಮಾಡಿದ್ರೆ ಇಲ್ಲಿ ಫೋಲ್ಡರ್ ಬರ್ಬೇಕು, ಅಲ್ಲಿ ಹೆಸರು ಬದಲಾಯ್ಸಿದ್ರೆ ಇಲ್ಲೂ ಬದಲಾಗ್ಬೇಕು. ಜೊಟೆರೊದ ಸ್ಟೋರೇಜ್ ಫೋಲ್ಡರನ್ನೇ ಅಬ್ಸಿಡಿಯನ್ ವಾಲ್ಟ್ ಒಳಗೆ ಹಾಕೋಣ ಅಂತ ತೆಗೆದು ನೋಡಿದ್ರೆ ಬರೀ ತಲೆಬುಡ ಇಲ್ಲದ ಅಕ್ಷರ, ಅಂಕಿಗಳ ಹೆಸರು, ನಾನು ಕೊಟ್ಟ ಹೆಸರು ಒಂದೂ ಇಲ್ಲ. ಪ್ಲಗಿನ್ ಏನಾದ್ರೂ ಇದ್ಯಾ, ಇಲ್ಲ ಸಿಮ್‌ಲಿಂಕ್ (ಬೇರೆ ಜಾಗದ ಫೋಲ್ಡರನ್ನ ಇಲ್ಲೇ ಇರೋ ಥರ ತೋರ್ಸೋ ಕೊಂಡಿ) ಹಾಕ್ಬೇಕಾ?

ಕಡತಕೋಣೆ:
ಪ್ಲಗಿನ್ ಹುಡುಕೋಕೆ ಮುಂಚೆ ಒಂದು ವಿಷ್ಯ. ಜೊಟೆರೊ ಕಲೆಕ್ಷನ್ ಅಂದ್ರೆ ಫೋಲ್ಡರ್ ಅಲ್ಲ, ಹಾಡಿನ ಪ್ಲೇಲಿಸ್ಟ್ ಥರ. ಒಂದೇ ಪೇಪರ್ ನಾಲ್ಕು ಕಲೆಕ್ಷನ್‌ನಲ್ಲಿ ಇರ್ಬೋದು, ಫೈಲ್ ಮಾತ್ರ ಒಂದೇ, ಅದು ಸ್ಟೋರೇಜ್ ಒಳಗೆ ನೀವು ನೋಡಿದ್ರಲ್ಲ ಆ 8 ಅಕ್ಷರದ ಫೋಲ್ಡರ್‌ನಲ್ಲಿ ಕೂತಿರುತ್ತೆ. ಯಾವ ಪೇಪರ್ ಯಾವ ಕಲೆಕ್ಷನ್‌ನಲ್ಲಿದೆ ಅನ್ನೋದು ಡೇಟಾಬೇಸ್ ಫೈಲ್‌ನಲ್ಲಿ ಬರ್ದಿರುತ್ತೆ ಅಷ್ಟೆ. ಅಬ್ಸಿಡಿಯನ್ ಇದಕ್ಕೆ ಪೂರ್ತಿ ಉಲ್ಟಾ, ಅಲ್ಲಿ ವಾಲ್ಟ್ ಅಂದ್ರೆ ಡಿಸ್ಕ್ ಮೇಲಿರೋ ಮಾಮೂಲಿ ಫೋಲ್ಡರ್, ನೋಟ್ ಅಂದ್ರೆ ಒಂದು ಮಾರ್ಕ್‌ಡೌನ್ ಫೈಲ್, ಒಂದು ಫೈಲ್ ಒಂದೇ ಜಾಗದಲ್ಲಿ ಇರೋಕಾಗೋದು. ಹಾಗಾಗಿ ನಾಲ್ಕು ಕಲೆಕ್ಷನ್‌ನಲ್ಲಿರೋ ಪೇಪರ್‌ನ ನೋಟನ್ನ ಯಾವ ಫೋಲ್ಡರ್‌ನಲ್ಲಿ ಇಡೋದು? ನಾಲ್ಕು ಕಾಪಿ ಮಾಡಿದ್ರೆ ತಿದ್ದೋದು ಯಾವುದನ್ನ? ಎರಡೂ ಕಡೆಯಿಂದ ಸಿಂಕ್ ಅನ್ನೋದು ಸಿಕ್ಕಿಹಾಕ್ಕೊಳ್ಳೋದೇ ಇಲ್ಲಿ.

ನನ್ನ ಪ್ರಕಾರ ಫೋಲ್ಡರ್ ಆಸೆ ಬಿಡಿ. ವಾಲ್ಟ್‌ನಲ್ಲಿ ಪೇಪರ್ ನೋಟ್ಸ್‌ಗೆಲ್ಲಾ ಒಂದೇ ಫೋಲ್ಡರ್ ಇರ್ಲಿ, ಒಂದು ಪೇಪರ್‌ಗೆ ಒಂದು ನೋಟ್, ಕಲೆಕ್ಷನ್ ಹೆಸರುಗಳನ್ನ ನೋಟಿನ ಪ್ರಾಪರ್ಟಿಯಲ್ಲೋ (ನೋಟಿನ ಮೇಲ್ಗಡೆ ಇರೋ ವಿವರದ ಸಾಲು) ಟ್ಯಾಗ್‌ನಲ್ಲೋ ಹಾಕಿ, ಎಷ್ಟು ಬೇಕಾದ್ರೂ ಹಾಕ್ಬೋದಲ್ಲ. ಜೊಟೆರೊಗೆ ಬೆಟರ್ ಬಿಬ್‌ಟೆಕ್ ಅನ್ನೋ ಪ್ಲಗಿನ್ ಹಾಕ್ಕೊಂಡು ಅದರ ಜೊತೆ ಅಬ್ಸಿಡಿಯನ್‌ನ ಜೊಟೆರೊ ಇಂಟಿಗ್ರೇಷನ್ ಪ್ಲಗಿನ್ ಸೇರ್ಸಿದ್ರೆ ಲೇಖಕರು, ವರ್ಷ, ಹೈಲೈಟ್ ಎಲ್ಲಾ ಟೆಂಪ್ಲೇಟ್ ಪ್ರಕಾರ ನೋಟ್‌ಗೆ ಬರುತ್ತೆ. ಆದ್ರೆ ಅದು ಒನ್‌ವೇ, ನೀವು ಇಂಪೋರ್ಟ್ ಒತ್ತಿದಾಗ ಮಾತ್ರ. ಮತ್ತೆ ಇಂಪೋರ್ಟ್ ಮಾಡಿದ್ರೆ ನೀವು ಬರ್ದಿದ್ದು ಅಳಿಸಿಹೋಗ್ದೆ ಇರೋಕೆ ಟೆಂಪ್ಲೇಟ್‌ನಲ್ಲಿ ಪರ್ಸಿಸ್ಟ್ ಬ್ಲಾಕ್ (ಇಂಪೋರ್ಟ್ ಮುಟ್ಟದೆ ಬಿಡೋ ಭಾಗ) ಇಡಿ, ಇದನ್ನ ಮಾತ್ರ ಮರೀಬೇಡಿ.

ಸುಮ್ನೆ_ಬಂದೋನು:
ಸಿಮ್‌ಲಿಂಕ್ ಬೇಡ ಗುರು, ಅಬ್ಸಿಡಿಯನ್‌ನೋರೇ ತಮ್ಮ ಹೆಲ್ಪ್ ಪೇಜ್‌ನಲ್ಲಿ ಬೇಡ ಅಂತಾರೆ. ಇನ್ನೊಂದು, ವಾಲ್ಟ್ ಕ್ಲೌಡ್ ಫೋಲ್ಡರ್‌ನಲ್ಲಿದ್ರೆ ಜೊಟೆರೊ ಡೇಟಾ ಡೈರೆಕ್ಟರಿನೂ ಅಲ್ಲೇ ಹಾಕೋಣ ಅನ್ಸುತ್ತೆ, ಹಾಕ್ಲೇಬೇಡಿ. ಅದ್ರೊಳಗಿರೋ ಡೇಟಾಬೇಸ್ ಒಂದು ಎಸ್‌ಕ್ಯೂಲೈಟ್ ಫೈಲ್, ಅರ್ಧ ಬರೆಯೋ ಹೊತ್ತಿಗೆ ಕ್ಲೌಡ್ ಎತ್ಕೊಂಡ್ ಹೋದ್ರೆ ಕರಪ್ಟ್ ಆಗ್ಬೋದು, ಜೊಟೆರೊದವ್ರೇ ಎಚ್ಚರಿಕೆ ಕೊಟ್ಟಿದಾರೆ. ಪಿಡಿಎಫ್ ಮಾತ್ರ ನಿಮಗೆ ಬೇಕಾದ ಹೆಸರಿನ ಫೋಲ್ಡರ್‌ನಲ್ಲೇ ಇರ್ಬೇಕು ಅಂದ್ರೆ ಲಿಂಕ್ಡ್ ಫೈಲ್ (ಫೈಲ್ ನಿಮ್ಮ ಫೋಲ್ಡರ್‌ನಲ್ಲೇ, ಜೊಟೆರೊದಲ್ಲಿ ಅದರ ಕೊಂಡಿ ಮಾತ್ರ) ಮಾಡ್ಕೊಳ್ಳಿ, ಆದ್ರೆ ಅವು ಜೊಟೆರೊ ಸಿಂಕ್‌ನಲ್ಲಿ ಹೋಗಲ್ಲ, ಗ್ರೂಪ್ ಲೈಬ್ರರಿಯಲ್ಲೂ ಇಡೋಕಾಗಲ್ಲ.

ಓದುಪಟ್ಟಿ:
ಓಹೋ ಪ್ಲೇಲಿಸ್ಟ್ ಅಂದಾಗ ಅರ್ಥ ಆಯ್ತು, ಥ್ಯಾಂಕ್ಸ್ ಇಬ್ಬರಿಗೂ. ಇನ್ನೊಂದು ಡೌಟು, ಒಂದು ಪಿಡಿಎಫ್‌ನ ಕಾಪಿ ಮಾಡಿ ವಾಲ್ಟ್‌ಗೆ ಹಾಕ್ದೆ, ಜೊಟೆರೊದಲ್ಲಿ ಮಾಡಿದ ಹೈಲೈಟ್ ಒಂದೂ ಕಾಣ್ತಿಲ್ಲ. ಕಾಪಿಯಲ್ಲಿ ಹೋಗಲ್ವಾ? ಆಮೇಲೆ ನೋಟ್ ಹೆಸರು ಪೇಪರ್ ಶೀರ್ಷಿಕೆನೇ ಇಡೋಣ ಅಂತಿದೀನಿ, ತುಂಬಾ ಕನ್ನಡ ಲೇಖನಗಳೂ ಇವೆ.

ಕಡತಕೋಣೆ:
ಹೋಗಲ್ಲ, ಯಾಕಂದ್ರೆ ಅವು ಪಿಡಿಎಫ್ ಒಳಗೆ ಇಲ್ವೇ ಇಲ್ಲ. 2022ರಲ್ಲಿ ಬಂದ ಜೊಟೆರೊ 6ರಿಂದ ಅದರದ್ದೇ ಪಿಡಿಎಫ್ ರೀಡರ್ ಇದೆಯಲ್ಲ, ಅದ್ರಲ್ಲಿ ಮಾಡಿದ ಹೈಲೈಟ್ ಡೇಟಾಬೇಸ್‌ಗೆ ಹೋಗುತ್ತೆ. ಹೈಲೈಟ್ ಸಮೇತ ಫೈಲ್ ಬೇಕಂದ್ರೆ ಎಕ್ಸ್‌ಪೋರ್ಟ್ ಪಿಡಿಎಫ್ ಅಂತ ಕೊಡಿ. ಬರೀ ಹೈಲೈಟಿನ ಮಾತುಗಳು ಸಾಕು ಅಂದ್ರೆ ಪ್ಲಗಿನ್ನೇ ತರುತ್ತೆ, ಪಿಡಿಎಫ್ ಕಾಪಿ ಯಾಕೆ ಬೇಕು, ಜೊಟೆರೊಗೆ ಹೋಗೋ ಲಿಂಕ್ ನೋಟ್‌ನಲ್ಲಿಟ್ರೆ ಆಯ್ತು.

ಯೂನಿಕೋಡಪ್ಪ:
ಶೀರ್ಷಿಕೆ ಹೆಸರು ಬೇಡ, ಬೆಟರ್ ಬಿಬ್‌ಟೆಕ್ ಪ್ರತಿ ಪೇಪರ್‌ಗೂ ಕೊಡೋ ಚಿಕ್ಕ ಗುರುತು, ಅಂದ್ರೆ ಸೈಟೇಷನ್ ಕೀನೇ ಫೈಲ್ ಹೆಸರು ಮಾಡಿ. ಲಿನಕ್ಸ್‌ನ ಮಾಮೂಲಿ ಫೈಲ್‌ಸಿಸ್ಟಮ್ ಎಕ್ಸ್‌ಟ್4ನಲ್ಲಿ ಫೈಲ್ ಹೆಸರಿಗೆ 255 ಬೈಟ್ ಮಿತಿ, ಕನ್ನಡದ ಒಂದೊಂದು ಕೋಡ್‌ಪಾಯಿಂಟ್ (ಯೂನಿಕೋಡ್ ಪ್ರತ್ಯೇಕವಾಗಿ ಎಣಿಸೋ ಚಿಹ್ನೆ) 3 ಬೈಟ್ ತಿನ್ನುತ್ತೆ, ಅಂದ್ರೆ 85ಕ್ಕೆ ಮುಗೀತು, ಅದ್ರಲ್ಲೂ ಕ ಒಂದು, ಅದರ ಕೊಂಬು ಒಂದು, ಒತ್ತಕ್ಷರ ಬಂದ್ರೆ ಎರಡು ಅಂತ ಬೇರೆಬೇರೆ ಲೆಕ್ಕ. ವಿಂಡೋಸ್‌ನಲ್ಲಿ 255 ಅಂದ್ರೆ ಬೈಟ್ ಲೆಕ್ಕ ಅಲ್ಲ, ಹಾಗಾಗಿ ಉದ್ದದ ಕನ್ನಡ ಹೆಸರು ಅಲ್ಲಿ ಸೇವ್ ಆಗುತ್ತೆ, ಇನ್ನೊಂದು ಕಡೆ ಬರೋದೇ ಇಲ್ಲ, ಸಿಂಕ್ ಕೆಟ್ಟಿದೆ ಅಂತ ಜನ ಪ್ಲಗಿನ್ನನ್ನ ಬಯ್ತಾರೆ. ಕೊ, ಕೇ, ಕೀ ಥರದ್ದನ್ನ ಯೂನಿಕೋಡ್‌ನಲ್ಲಿ ಎರಡು ರೀತಿ ಬರೀಬೋದು, ಒಟ್ಟಿಗೆ ಇಲ್ಲಾ ಒಡೆದು, ಹಳೇ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಒಡೆದೇ ಇಡೋದು, ನೋಡೋಕೆ ಒಂದೇ ಹೆಸರಿನ ಎರಡು ಫೈಲ್ ಪಕ್ಕಪಕ್ಕ ಬಂದ್ರೆ ಅದೇ ಕಾರಣ ಇರ್ಬೋದು. ಕನ್ನಡ ಶೀರ್ಷಿಕೆನ ನೋಟಿನ ಏಲಿಯಸ್‌ನಲ್ಲಿ (ನೋಟಿಗೆ ಕೊಡೋ ಇನ್ನೊಂದು ಹೆಸರು) ಹಾಕಿ, ಹುಡುಕಿದ್ರೆ ಸಿಗುತ್ತೆ. ಹಾಂ, ಫೈಲ್ ಹೆಸರು ಬದಲಾಯಿಸೋದಿದ್ರೆ ಅಬ್ಸಿಡಿಯನ್ ಒಳಗಿಂದಲೇ ಮಾಡಿ, ಹೊರಗಡೆ ಎಕ್ಸ್‌ಪ್ಲೋರರ್‌ನಲ್ಲಿ ಬದಲಾಯಿಸಿದ್ರೆ ಬೇರೆ ನೋಟ್‌ಗಳಲ್ಲಿರೋ ಲಿಂಕ್ ಅಪ್‌ಡೇಟ್ ಆಗಲ್ಲ.