ಸಹಾಯ ಬೇಕು: ನಾಲ್ಕನೇ ತರಗತಿ, ಭಿನ್ನರಾಶಿ, 6 ಟ್ಯಾಬ್

ನಮಸ್ಕಾರ. ಬೋಧನಾ ಅಭ್ಯಾಸಕ್ಕೆ ಪಾಠಯೋಜನೆ ಬರೀತಿದ್ದೀನಿ. 30 ಮಕ್ಕಳು, 40 ನಿಮಿಷ, ನೆಟ್ ಇಲ್ಲ.

ಮೊದಲ 10 ನಿಮಿಷ ಟ್ಯಾಬ್ ಮುಟ್ಟಿಸಲ್ಲ. ಒಂದೇ ಅಳತೆಯ ಕಾಗದದ ಪಟ್ಟಿಗಳನ್ನ ಮಡಚಿ 1/2, 1/4, 1/8 ಮಾಡಿ ಪಕ್ಕಪಕ್ಕ ಇಡಿಸೋದು. 4ಕ್ಕಿಂತ 8 ದೊಡ್ಡದು, ಹಾಗಾಗಿ 1/8 ದೊಡ್ಡದು ಅನ್ನೋ ತಪ್ಪು ಪರದೆ ನೋಡೋದಕ್ಕಿಂತ ಕೈಯಾರೆ ಮಡಚಿದಾಗ ಬೇಗ ಬಿಡುತ್ತೆ ಅಂತ ನನ್ನ ಅನಿಸಿಕೆ. ಆಮೇಲೆ ಐವರಿಗೊಂದು ಟ್ಯಾಬ್, ಒಬ್ಬೊಬ್ಬರಿಗೆ 4 ನಿಮಿಷ. ಉಳಿದ 10 ನಿಮಿಷ ಕಪ್ಪುಹಲಗೆ, ಚರ್ಚೆ.

ತೊಡಕು ಇಲ್ಲಿದೆ: ಬಹುಪಾಲು ಆಪ್‌ಗಳಲ್ಲಿ ತಪ್ಪಾದರೆ ಏನೂ ನಷ್ಟವಿಲ್ಲ. ಹಸಿರು ಬರೋವರೆಗೆ ಒಂದೊಂದೇ ಒತ್ತುತ್ತಾ ಹೋಗೋದು (ದೊಡ್ಡವರೂ ಮಾಡೋದು ಅದನ್ನೇ!). ಅದಕ್ಕೇ "ಮೊದಲು ಸ್ಲೇಟಲ್ಲಿ ಉತ್ತರ, ಆಮೇಲೆ ಬೆರಳು" ಅಂತ ನಿಯಮ ಇಟ್ಟಿದ್ದೀನಿ.

ಅನುಭವ ಇರೋರು ಹೇಳಿ: ಟ್ಯಾಬ್ ಒಬ್ಬರ ಕೈಲಿದ್ದಾಗ ಉಳಿದ ನಾಲ್ವರಿಗೆ ಏನು ಕೆಲಸ ಕೊಡ್ತೀರಿ? ಅವರೂ ಸ್ಲೇಟಲ್ಲಿ ಬರೆದು ಹೋಲಿಸಿದರೆ ಗಲಾಟೆ ಆಗುತ್ತಾ? ಮಕ್ಕಳು ಬೇರೆ ಆಪ್‌ಗೆ ಹೋಗದ ಹಾಗೆ ಆಪ್ ಪಿನ್ ಮಾಡಿ (ಪರದೆಯಲ್ಲಿ ಆ ಒಂದೇ ಆಪ್ ಉಳಿಯೋ ಹಾಗೆ), ಬಿಡಿಸೋಕೆ ಪಿನ್ ಸಂಖ್ಯೆ ಕೇಳೋ ಹಾಗೆ ಇಟ್ಟರೆ ಸಾಕಾ? ನೆಟ್ ಇಲ್ಲದೆ ನಡೆಯೋ, ತಪ್ಪಿಗೆ ಬರೀ ಕೆಂಪು ಗುರುತು ಹಾಕದೆ ಭಾಗಗಳ ಚಿತ್ರ ತೋರಿಸೋ ಕನ್ನಡ ಆಪ್ ಇದ್ದರೆ ಹೆಸರು ಹಾಕಿ.